‘ಏನೂ ಆಗಲ್ಲ ಪುಟ್ಟಾ’

ತಾಯಿಯೊಬ್ಬರ ಪತ್ರ: ‘ಆರು ವರ್ಷದ ಮಗಳಿಗೆ ಆಪರೇಷನ್ ಆಗಬೇಕಿತ್ತು. ಹೆದರುತ್ತಾಳೆಂದು ಪಾರ್ಕಿಗೆ ಹೋಗೋಣ ಅಂತ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಲ್ಲ ಚೆನ್ನಾಗಿಯೇ ಆಯಿತು. ಈಗ ಚಪ್ಪಲಿ ಹಾಕಿಕೋ ಅಂದರೂ ಅಳುತ್ತಾಳೆ. ಮಕ್ಕಳು ಬೇಗ ಮರೀತಾರೆ ಅಂತಾರೆ ಎಲ್ಲರೂ. ನಾನು ಮಾಡಿದ್ದು ತಪ್ಪಾ?’

ತಪ್ಪೇ ಅಮ್ಮ, ಬೇಜಾರು ಮಾಡ್ಕೋಬೇಡಿ. ಆದರೆ ಅಳು ಶುರುವಾಗುವುದು ಚಪ್ಪಲಿಯಿಂದ ಅಂತ ಗಮನಿಸಿದಿರಲ್ಲ, ಅಷ್ಟು ಸೂಕ್ಷ್ಮ ಎಷ್ಟು ಜನಕ್ಕಿರುತ್ತದೆ?

ಮಗು ಹೆದರುವುದನ್ನು ನೋಡಲಾಗದೆ ಹಾಗೆ ಹೇಳಿದಿರಿ. ನರ್ಸ್‌ಗಳಿಗೂ ಪುರುಸೊತ್ತಿರುವುದಿಲ್ಲ. ಒಪ್ಪಿದೆ. ಆದರೆ ಮಕ್ಕಳು ಮರೆಯುತ್ತಾರೆ ಅನ್ನುವ ಮಾತನ್ನು ನಾನು ಒಪ್ಪಲಾರೆ. ಏಳು ವರ್ಷಕ್ಕೆ ನನಗೆ ಟಾನ್ಸಿಲ್ ಆಪರೇಷನ್ ಆಯಿತು. ‘ಅಪ್ಪ ಹೊರಗಡೆನೇ ಇದ್ದಾರೆ’ ಅಂದರು. ಅಪ್ಪ ಮನೆಗೆ ಹೋಗಿದ್ದರು. ಗಂಟಲು ನೋವು ನೆನಪೇ ಇಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಅಪ್ಪನ ಕಂದು ಬೂಟು ಕಾಣುತ್ತಾ ಅಂತ ರಾತ್ರಿಯೆಲ್ಲ ನೋಡುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆ ಅಂತಲೇ ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಬ್ರಿಟನ್ನಿನ ಸಮಾಜ ಕಾರ್ಯಕರ್ತ, ಮನೋವಿಶ್ಲೇಷಕ ಜೇಮ್ಸ್ ರಾಬರ್ಟ್‌ಸನ್, ಅಪ್ಪ ಅಮ್ಮನನ್ನು ಬಿಟ್ಟು ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವಿನ ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಆ ಮೌನ ಸಮಾಧಾನದ್ದಲ್ಲ, ಆಸೆ ಬಿಟ್ಟದ್ದು ಅಂದರು. ಎಷ್ಟೋ ವೈದ್ಯರು ಅವರ ಮೇಲೇ ಸಿಟ್ಟಾದರು. 1959ರಲ್ಲಿ, ಆಸ್ಪತ್ರೆಯಲ್ಲಿರುವ ಮಕ್ಕಳ ಬಗ್ಗೆ ಅಲ್ಲಿನ ಸರ್ಕಾರಿ ಸಮಿತಿ ಕೊಟ್ಟ ಪ್ಲಾಟ್ ವರದಿ, ಹೆತ್ತವರನ್ನು ಯಾವ ಹೊತ್ತಿನಲ್ಲೂ ಒಳಗೆ ಬಿಡಿ ಅಂತ ಹೇಳಿತು. ಇನ್ನೂ ಹೇಳಬೇಕಾ? 1980ರ ದಶಕದವರೆಗೂ ಎಷ್ಟೋ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೇ ಆಪರೇಷನ್ ಆಗುತ್ತಿತ್ತು. ಅದು ತಪ್ಪು ಅಂತ ಡಾ. ಕನ್ವಲ್‌ಜೀತ್ ಆನಂದ್ ಅಧ್ಯಯನ ಮಾಡಿ ತೋರಿಸಿದ್ದು 1987ರಲ್ಲಿ. ಮಗುವಿನ ನೋವು ನಿಜ ಅಂತ ಒಪ್ಪಲು ನಮಗೆ ಅಷ್ಟು ಕಾಲ ಬೇಕಾಯಿತು!

ನಮ್ಮ ಮನೆಗಳೇನು ಕಡಿಮೆಯಾ? ‘ಊಟ ಮಾಡದಿದ್ರೆ ಸೂಜಿ ಚುಚ್ಚಿಸ್ತೀನಿ’ ಅಂತ ಹೆದರಿಸುತ್ತೇವೆ. ಕಾಯಿಲೆ ಬಂದದ್ದೇ ತಾನು ಮಾಡಿದ ತಪ್ಪಿಗೆ ಶಿಕ್ಷೆ ಅಂತ ಚಿಕ್ಕ ಮಕ್ಕಳು ಅಂದುಕೊಳ್ಳುವುದು ಸಾಮಾನ್ಯ. ಅದಕ್ಕೆ ನಾವೇ ಸಾಕ್ಷಿ ಒದಗಿಸುತ್ತೇವೆ. ದೊಡ್ಡವರಿಗೆ ವಿವರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮಗುವಾದರೆ ಕೈಕಾಲು ಒತ್ತಿ ಹಿಡಿಯುತ್ತಾರೆ, ಅಷ್ಟೇ.

ಇವತ್ತೇ ಅವಳ ಪಕ್ಕ ಕೂತು ಹೇಳಿ: ‘ಅವತ್ತು ನಾನು ಸುಳ್ಳು ಹೇಳಿದೆ. ನಿನ್ನದೇನೂ ತಪ್ಪಿರಲಿಲ್ಲ. ಇನ್ಮೇಲೆ ಮೊದಲೇ ಹೇಳ್ತೀನಿ.’ ಮತ್ತೆ ಆಸ್ಪತ್ರೆಗೆ ಹೋಗುವುದಿದ್ದರೆ ಹಿಂದಿನ ದಿನವೇ ತಿಳಿಸಿ. ನೋವಾಗುವುದಾದರೆ ಆಗುತ್ತೆ ಅನ್ನಿ, ಎಷ್ಟು ಹೊತ್ತು ಅಂತಲೂ ಹೇಳಿ. ರಕ್ತ ತೆಗೆಯುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಿ. ಯಾವ ಕೈ ಅಂತ ಅವಳೇ ಆರಿಸಲಿ. ಕೆಲವು ವಾರ ಕಳೆದರೂ ಅಳು ಹೀಗೇ ಇದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ.

ಮನೆಯಲ್ಲಿ ಒಂದು ಗೊಂಬೆ, ಸೂಜಿಯಿಲ್ಲದ ಸಿರಿಂಜ್ ಕೊಡಿ. ಅವಳೇ ಡಾಕ್ಟರ್ ಆಗಲಿ. ಗೊಂಬೆಗೆ ಹತ್ತು ಸಲ ಚುಚ್ಚಿದರೂ, ಗೊಂಬೆಯ ಅಮ್ಮನಿಗೆ ಚೆನ್ನಾಗಿ ಬೈದರೂ ತಡೆಯಬೇಡಿ.