ಸರ್ಕಾರ ಇಷ್ಟು ಮನೆ ಕೊಟ್ಟರೂ ಬಡವರಿಗೆ ಮನೆ ಯಾಕೆ ಸಾಲುತ್ತಿಲ್ಲ? ಹೊಣೆ ಕೇಂದ್ರದ್ದಾ, ರಾಜ್ಯದ್ದಾ?

ನಿಮ್ಮ ಪ್ರಶ್ನೆ ಹೀಗಿದೆ: ಪ್ರತಿ ಬಜೆಟ್‌ನಲ್ಲೂ ಲಕ್ಷಗಟ್ಟಲೆ ಮನೆ ಘೋಷಣೆ ಆಗುತ್ತದೆ, ಆದರೂ ಕಲಬುರಗಿ ಕಡೆ ಇಷ್ಟೊಂದು ಜನ ತಗಡಿನ ಶೆಡ್‌ನಲ್ಲಿ ಯಾಕಿದ್ದಾರೆ? ತಪ್ಪು ಕೇಂದ್ರದ್ದಾ, ರಾಜ್ಯದ್ದಾ? ಅಷ್ಟಕ್ಕೂ ಮನೆ ಕೊಡುವುದು ಸರ್ಕಾರದ ಕೆಲಸವೇನಾ?

ನಾನು ಗೌಂಡಿ. ಚಿತ್ತಾಪುರ ತಾಲ್ಲೂಕಿನವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅರ್ಧಕ್ಕಿಂತ ಜಾಸ್ತಿ ಕಟ್ಟಿದ್ದು ಸರ್ಕಾರಿ ಮನೆಗಳನ್ನೇ. ಯಾವ ಯೋಜನೆಯಲ್ಲಿ ಬಂದರೂ ನಮ್ಮ ಕಡೆ ಜನ ಅದನ್ನು ‘ಆಶ್ರಯ ಮನಿ’ ಅಂತಲೇ ಕರೆಯುತ್ತಾರೆ. ಟಿವಿಯಲ್ಲಿ ಕೂತು ಮಾತಾಡುವವರು ಎಷ್ಟು ಮನೆ ಮಂಜೂರಾಯಿತು ಅಂತ ಜಗಳ ಆಡುತ್ತಾರೆ. ನಾನು ನೋಡುವುದು ಎಷ್ಟು ಮನೆಗೆ ಸ್ಲ್ಯಾಬ್ ಬಿತ್ತು, ಬಾಗಿಲು ಕೂತಿತು ಅಂತ. ಈ ಎರಡು ಲೆಕ್ಕಕ್ಕೂ ತಾಳೆಯೇ ಆಗುವುದಿಲ್ಲ. ನಮ್ಮ ಕಡೆಯ ಕೊರತೆಯ ದೊಡ್ಡ ಪಾಲು ಇರುವುದು ಅಲ್ಲೇ.

ಮೊದಲು ದುಡ್ಡಿನ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲು ಸೀಮೆಗೆ ಒಂದು ಮನೆಗೆ 1.20 ಲಕ್ಷ. ಅದರಲ್ಲಿ ಕೇಂದ್ರದ್ದು 72,000, ರಾಜ್ಯದ್ದು 48,000. ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, 2025ರ ದರ 370ರಂತೆ ಹಿಡಿದರೆ 33,300. ಶೌಚಾಲಯಕ್ಕೆ 12,000. ಎಲ್ಲ ಕೂಡಿಸಿದರೂ 1.65 ಲಕ್ಷ ಚಿಲ್ಲರೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಅನ್ನುತ್ತದೆ ನಿಯಮ. ಅಂದರೆ ಸುಮಾರು 270 ಚದರಡಿ. ಎಷ್ಟೇ ಕೈ ಹಿಡಿದು ಕಟ್ಟಿದರೂ ಚದರಡಿಗೆ 1,500 ಬೇಕೇ ಬೇಕು. ಅಲ್ಲಿಗೆ 4 ಲಕ್ಷ ದಾಟಿತು. ಉಳಿದ ದುಡ್ಡು ಎಲ್ಲಿಂದ ತರಬೇಕು ಹೇಳಿ?

ಈ 1.20 ಲಕ್ಷ 2016ರಲ್ಲಿ ನಿಗದಿ ಆಗಿದ್ದು. ಆಗ ನನ್ನ ದಿನದ ಕೂಲಿ 500 ಇತ್ತು, ಈಗ 900. ಉಸುಕು, ಕಬ್ಬಿಣ ಯಾವುದೂ ಅಂದಿನ ರೇಟಿಗೆ ಸಿಗುವುದಿಲ್ಲ. ನಮ್ಮದು ಎರೆ ಭೂಮಿ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಗಟ್ಟಿ ಮುರುಮು ಸಿಗುವ ತನಕ ಪಾಯಾ ಅಗೆಯದಿದ್ದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಬಂದ ದುಡ್ಡಿನಲ್ಲಿ ದೊಡ್ಡ ಪಾಲು ನೆಲದೊಳಗೇ ಹೋಗಿಬಿಡುತ್ತದೆ. ಇದನ್ನು ಯಾವ ಚರ್ಚೆಯಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಒಂದು ಮನೆಯ ಕತೆ ಹೇಳುತ್ತೇನೆ. ಊರು, ಯೋಜನೆಯ ಹೆಸರು ಬೇಡ. ಗಂಡ ಪುಣೆಗೆ ದುಡಿಯಲು ಹೋಗಿದ್ದಾನೆ, ಇಲ್ಲಿ ಹೆಂಡತಿ, ಅತ್ತೆ, ಎರಡು ಮಕ್ಕಳು. ಮೊದಲು ಇವರಿಗೆ ಮಣ್ಣಿನ ಛಾವಣಿಯ ಹಳೆಯ ಮಾಳಿಗೆ ಮನೆ ಇತ್ತು. ಸೋರುತ್ತಿತ್ತು ನಿಜ, ಆದರೆ ಮನೆ ಅಂತ ಇತ್ತು. ಪಟ್ಟಿಯಲ್ಲಿ ಹೆಸರು ಬಂತು, ಕಾರ್ಯಾದೇಶ ಕೈಗೆ ಸಿಕ್ಕಿತು. ಕಟ್ಟುವುದು ಅದೇ ಜಾಗದಲ್ಲಿ, ಹಾಗಾಗಿ ಹಳೆಯದನ್ನು ಕೆಡವಿದರು. ತೊಲೆ, ಜಂತಿ ಮಾರಿ ಪಾಯಾಕ್ಕೆ ದುಡ್ಡು ಹೊಂದಿಸಿದರು. ಯಾಕೆಂದರೆ ಆ ಯೋಜನೆಯಲ್ಲಿ ಮೊದಲು ಕೆಲಸ ಆಗಬೇಕು, ಆಮೇಲೆ ಜಿಪಿಎಸ್ ಫೋಟೋ, ಆಮೇಲೆ ಬಿಲ್ಲಿನ ದುಡ್ಡು. ಪಾಯಾ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ), ಛಾವಣಿ, ಪೂರ್ಣ, ಹೀಗೆ ಹಂತ. ಕೈಯಲ್ಲಿ ಏನೂ ಇಲ್ಲದವರು ಪ್ರತಿ ಹಂತಕ್ಕೂ ಮೊದಲು ತಾವೇ ಸಾಲ ಮಾಡಿ ಹಾಕಬೇಕು.

ಪಾಯಾದ ಬಿಲ್ಲು ಬಂತು. ನಾನು ಲಿಂಟಲ್ ತನಕ ಎತ್ತಿದೆ. ಫೋಟೋ ಹೊಡೆದುಕೊಂಡು ಹೋದರು. ಆಮೇಲೆ ಹದಿನಾಲ್ಕು ತಿಂಗಳು ಬಿಲ್ಲಿಲ್ಲ. ವಿಚಾರಿಸಿದಾಗೆಲ್ಲ ಒಂದೇ ಉತ್ತರ, ಮೇಲಿಂದ ಬಂದಿಲ್ಲ.

ಸ್ಲ್ಯಾಬ್ ಹಾಕಲು ಬೇಕಾಗುತ್ತದೆ ಅಂತ ಆ ತಾಯಿ ಸಂಘದಲ್ಲಿ ಸಾಲ ತೆಗೆದು ಹದಿನೆಂಟು ಚೀಲ ಸಿಮೆಂಟ್ ಮೊದಲೇ ತರಿಸಿ ಇಟ್ಟಿದ್ದಳು. ಒಂದು ಮಳೆಗಾಲ ಕಳೆದ ಮೇಲೆ ನಾನು ಹೋಗಿ ಚೀಲ ಒತ್ತಿ ನೋಡಿದೆ. ಎಲ್ಲ ಕಲ್ಲಾಗಿದ್ದವು. ಈಗ ಅದರಲ್ಲಿ ಮೂರು ಚೀಲವನ್ನು ಶೆಡ್ ಮುಂದೆ ಮೆಟ್ಟಿಲು ಮಾಡಿಕೊಂಡಿದ್ದಾರೆ. ಹಾಳೆ ಕಿತ್ತು ಹೋಗಿದೆ, ಚೀಲದ ಆಕಾರ ಮಾತ್ರ ಉಳಿದಿದೆ. ಕಾಲಂ ಮೇಲೆ ಚಾಚಿರುವ ಕಬ್ಬಿಣಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಆ ಕಬ್ಬಿಣ ಬಾಗಿಸಿದರೆ ತುಕ್ಕು ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಅದನ್ನು ಕತ್ತರಿಸಿ ಹೊಸದು ಕೂಡಿಸಬೇಕು, ಅದು ಇನ್ನೊಂದು ಖರ್ಚು. ಕಿಟಕಿ ಜಾಗದಲ್ಲಿ ಪರ್ಸಿ ಕಲ್ಲು ಒಂದರ ಮೇಲೊಂದು ಇಟ್ಟಿದ್ದಾರೆ, ನಾಯಿ ಒಳಗೆ ಬರಬಾರದು ಅಂತ.

“ಅಣ್ಣಾ, ಹಳೀ ಮನಿ ಕೆಡವಬಾರದಿತ್ತೇನೋ” ಅಂದಳು ಆಕೆ. ನನಗೆ ಮಾತೇ ಹೊರಡಲಿಲ್ಲ. ಕೆಡವಿದ್ದು ನಾನೇ.

ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 43, 44 ಡಿಗ್ರಿ. ಆಗ ತಗಡಿನ ಕೆಳಗೆ ಕೂಸು ಮಲಗಿಸುವುದು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಸರ್ಕಾರದ ಲೆಕ್ಕದಲ್ಲಿ ಈ ಕುಟುಂಬಕ್ಕೆ ಮನೆ ಮಂಜೂರಾಗಿದೆ. ಇನ್ನೊಂದು ಯೋಜನೆಯಲ್ಲಿ ಅರ್ಜಿ ಹಾಕಿದರೂ ಆಗುವುದಿಲ್ಲ.

ಇಷ್ಟು ದುಡ್ಡು ಸಾಲುವುದಿಲ್ಲ ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅಂದುಕೊಳ್ಳಬೇಡಿ. 2019 ಮತ್ತು 2020ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಇದೇ ರಾಜ್ಯದಲ್ಲಿ 5 ಲಕ್ಷ ಘೋಷಣೆ ಆಯಿತು. ಅದು ಸರಿಯಾದ ಕೆಲಸ. ಭೀಮಾ ನದಿ ದಂಡೆಯಲ್ಲಿ ಆಗ ಬಿದ್ದ ಮನೆಗಳನ್ನು ನಾನೂ ನೋಡಿದ್ದೇನೆ. ಆದರೆ ಒಂದು ಮನೆ ಕಟ್ಟಲು 5 ಲಕ್ಷ ಬೇಕು ಅಂತ ಆಗಲೇ ಒಪ್ಪಿಕೊಂಡಂತಾಯಿತು ಅಲ್ವಾ? ಹುಟ್ಟಿದಾಗಿನಿಂದ ಮನೆಯೇ ಇಲ್ಲದವನಿಗೆ ಮಾತ್ರ 1.20 ಲಕ್ಷದಲ್ಲಿ ಮನೆ ಹೇಗೆ ಏಳುತ್ತದೆ?

ಇನ್ನು ಕೇಂದ್ರವೋ ರಾಜ್ಯವೋ ಅನ್ನುವುದು. ಪಟ್ಟಣದ ಮನೆಗಳ ಬಗ್ಗೆ ರಾಜ್ಯದವರು ಹೇಳುವುದು, ಕೇಂದ್ರ ಕೊಡುವುದು ಒಂದೂವರೆ ಲಕ್ಷ, ಅದರಲ್ಲಿ ಬಹುಪಾಲು ಜಿಎಸ್‌ಟಿಯಾಗಿ ವಾಪಸ್ ಹೋಗುತ್ತದೆ ಅಂತ. ಕೇಂದ್ರದ ಪಕ್ಷದವರು ಹೇಳುವುದು, ನಾವು ಕೊಟ್ಟರೂ ಇವರು ಕಟ್ಟುವುದಿಲ್ಲ ಅಂತ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ದರ ಏರಿಸದೆ ಕೂತದ್ದರಲ್ಲಿ ಕೇಂದ್ರದ ಪಾಲು ದೊಡ್ಡದು. ಜಾಗ, ಹಕ್ಕುಪತ್ರ, ಫಲಾನುಭವಿ ಪಟ್ಟಿ, ಸಮಯಕ್ಕೆ ಬಿಲ್ಲು, ಇವು ರಾಜ್ಯದ ಕೈಯಲ್ಲಿರುವುದು. ಸಂವಿಧಾನದಲ್ಲೇ ಭೂಮಿ ರಾಜ್ಯ ಪಟ್ಟಿಯಲ್ಲಿದೆ. 2025ರ ಜೂನ್‌ನಲ್ಲಿ ನಮ್ಮ ಆಳಂದದ ಶಾಸಕ ಬಿ.ಆರ್. ಪಾಟೀಲರು ಫೋನಿನಲ್ಲಿ ಆಡಿದ ಮಾತು ಹೊರಬಂದದ್ದು ನೆನಪಿರಬಹುದು. ದುಡ್ಡು ಕೊಟ್ಟವರಿಗೆ ಮಾತ್ರ ಮನೆ ಹಂಚಿಕೆ ಆಗುತ್ತಿದೆ ಅನ್ನುವುದು ಅವರ ಆರೋಪ. ವಸತಿ ಸಚಿವರು ಅಲ್ಲಗಳೆದರು. ಯಾರ ಮಾತು ಸರಿ ಅಂತ ತೀರ್ಮಾನ ಮಾಡುವವನು ನಾನಲ್ಲ. ಆದರೆ ಆಡಳಿತ ಪಕ್ಷದ ಶಾಸಕರೇ ಹಾಗೆ ಅಂದಾಗ ನಮ್ಮ ಹಳ್ಳಿ ಕಟ್ಟೆಯ ಮೇಲೆ ಒಬ್ಬರಿಗೂ ಆಶ್ಚರ್ಯ ಆಗಲಿಲ್ಲ. ಅದು ನನಗೆ ಬಹಳ ಬೇಸರ ತಂದಿತು.

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ನಮ್ಮ ಕಡೆಯ ತಾಂಡಾಗಳು, ಅಂದರೆ ಲಂಬಾಣಿ ಜನರ ಹಟ್ಟಿಗಳು, ಎಷ್ಟೋ ಕಾಲ ಯಾವ ಕಾಗದದಲ್ಲೂ ಇರಲಿಲ್ಲ. ತಲೆಮಾರಿನಿಂದ ವಾಸ ಮಾಡಿದರೂ ಜಾಗ ತಮ್ಮದು ಅಂತ ತೋರಿಸಲು ಒಂದು ಚೀಟಿಯೂ ಇಲ್ಲ. ಜಾಗದ ಕಾಗದ ಇಲ್ಲದಿದ್ದರೆ ಮನೆಗೆ ಅರ್ಜಿಯೇ ಹಾಕುವ ಹಾಗಿಲ್ಲ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ, ಅಂದರೆ ಸರ್ಕಾರದ ದಾಖಲೆಯಲ್ಲಿರುವ ಊರು, ಮಾಡಿದರು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಮೋದಿ ಬಂದು 50,000ಕ್ಕೂ ಜಾಸ್ತಿ ಜನರಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಕಂದಾಯ ಗ್ರಾಮ ಮಾಡುವ ಕೆಲಸದ ಹೆಸರು ನಮ್ಮದು ಅಂತ ಎರಡೂ ಪಕ್ಷದವರು ಕಿತ್ತಾಡಿದರು. ಕಿತ್ತಾಡಲಿ ಬಿಡಿ. ಕಾಗದ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ.

ಮನೆ ಕೊಡುವುದು ಸರ್ಕಾರದ ಕೆಲಸವೇ ಅಂತ ಕೇಳಿದ್ದೀರಿ. ಹೌದು. ತಲೆ ಮೇಲೆ ಸೂರು ಅನ್ನುವುದು ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕೋರ್ಟಿನ ಮಾತು ಬಿಟ್ಟರೂ ನನ್ನ ಕಾರಣ ಬೇರೆ ಇದೆ. ಬೆಂಗಳೂರು, ಪುಣೆ, ಮುಂಬೈಯ ದೊಡ್ಡ ದೊಡ್ಡ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು ನಮ್ಮ ಜನ. ದೇಶಕ್ಕೆಲ್ಲ ಸಿಮೆಂಟ್ ಹೋಗುವುದು ನಮ್ಮ ಸೇಡಂ, ವಾಡಿ ಕಡೆಯಿಂದ. ಶಹಾಬಾದಿನ ಕಲ್ಲು ಯಾವ ಊರಿನ ಮನೆಯಲ್ಲಿಲ್ಲ ಹೇಳಿ. ಇಂಥವರು ತಮಗೊಂದು ಸ್ಲ್ಯಾಬ್ ಕೇಳಿದರೆ ಅದು ಭಿಕ್ಷೆ ಆಗುವುದಿಲ್ಲ.

ಕೆಲವರು ಮನೆ ತಗೊಂಡು ಬಾಡಿಗೆಗೆ ಕೊಡುತ್ತಾರೆ, ಇದ್ದವರೇ ಮತ್ತೆ ಪಟ್ಟಿ ಸೇರುತ್ತಾರೆ ಅನ್ನುವ ಮಾತೂ ಇದೆ. ಇದೆ, ನಾನೇ ಕಂಡಿದ್ದೇನೆ. ಅದಕ್ಕೆ ಗ್ರಾಮ ಸಭೆಯಲ್ಲಿ ಹೆಸರು ಜೋರಾಗಿ ಓದಿಸಬೇಕು. ಜನ ಕೂತಿರಬೇಕು. ಸುಮ್ನೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಸಭೆ ಆಯಿತು ಅಂದರೆ ಹೀಗೇ ಆಗುವುದು.

ನನ್ನನ್ನು ಕೇಳಿದರೆ ಒಂದು ವರ್ಷ ಹೊಸ ಮನೆ ಘೋಷಣೆ ನಿಲ್ಲಿಸಲಿ. ಪಾಯಾ, ಲಿಂಟಲ್‌ಗೆ ನಿಂತ ಮನೆ ಎಷ್ಟಿವೆ ಅಂತ ಪಂಚಾಯಿತಿವಾರು ಎಣಿಸಿ ಗೋಡೆ ಮೇಲೆ ಬರೆಯಲಿ, ಅವನ್ನು ಮುಗಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ಅಂತ ಹೇಳುತ್ತಾರೆ. ಅದರಲ್ಲಿ ಒಂದು ಪಾಲು ಈ ಮನೆಗಳ ಛಾವಣಿಗೆ ಹೋಗಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಿದ್ದೇ ಈ ಸೀಮೆ ಹಿಂದುಳಿದಿದೆ ಅಂತ ತಾನೇ? ಮತ್ತೆ ಮೊದಲ ಕಂತು ಕೆಲಸ ಶುರು ಆಗುವ ಮುಂಚೆಯೇ ಕೈಗೆ ಬರಬೇಕು. ಇಷ್ಟಾದರೆ ಜನ ಬಡ್ಡಿ ಸಾಲಕ್ಕೆ ಬೀಳುವುದು ಅರ್ಧ ನಿಲ್ಲುತ್ತದೆ.

ಆ ತಾಯಿಯ ಲಿಂಟಲ್ ಬಿಲ್ಲು ಹೋದ ತಿಂಗಳು ಬಂತು. ಇಲ್ಲಿ ತೊಗರಿ ರಾಶಿ ಮುಗಿದ ಮೇಲೆ ಗಂಡ ಪುಣೆಯಿಂದ ಊರಿಗೆ ಬರುತ್ತಾನಂತೆ, ಆಗ ಸ್ಲ್ಯಾಬ್‌ಗೆ ಸೆಂಟ್ರಿಂಗ್ ಕಟ್ಟೋಣ ಅಂದಿದ್ದೇನೆ. ನನ್ನ ಕೂಲಿ ಕೊನೆಗೆ ಕೊಡಿ ಅಂದೆ. ಸಿಮೆಂಟ್ ಮಾತ್ರ ಸ್ಲ್ಯಾಬ್ ಹಾಕುವ ಹಿಂದಿನ ದಿನವೇ ತರಿಸಿ, ಅದಕ್ಕಿಂತ ಮುಂಚೆ ಒಂದು ಚೀಲವೂ ಬೇಡ ಅಂತ ಎರಡೆರಡು ಸಲ ಹೇಳಿ ಬಂದಿದ್ದೇನೆ.