ಗಡ್ಡೆ ತೆಗೆದರೆ ಮಾತೂ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 54 ವರ್ಷ. ಮನೆಮಾತು ತುಳು, ಓದು, ವ್ಯವಹಾರವೆಲ್ಲ ಕನ್ನಡದಲ್ಲಿ. ನಾಲ್ಕು ತಿಂಗಳಿಂದ ವಸ್ತುಗಳ ಹೆಸರು ಅವರ ಬಾಯಿಗೆ ಬರುತ್ತಿಲ್ಲ. ಸೌಟು ಬೇಕಾದರೆ "ಅದು... ಬಡಿಸುವುದು, ಅದು ಕೊಡು" ಎನ್ನುತ್ತಾರೆ. ನಾವು ಹೇಳಿದ್ದು ಮಾತ್ರ ಪೂರ್ತಿ ಅರ್ಥವಾಗುತ್ತದೆ. ಎರಡು ಬಾರಿ ಮಾತು ಅರ್ಧ ನಿಮಿಷ ನಿಂತೇಹೋಯಿತು. ಎಂ.ಆರ್.ಐ. ಮಾಡಿಸಿದಾಗ ಮಿದುಳಿನ ಎಡಭಾಗದಲ್ಲಿ ನಿಧಾನವಾಗಿ ಬೆಳೆಯುವ ಗ್ಲಿಯೋಮಾ ಗಡ್ಡೆಯಿದೆ ಎಂದರು. ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಬೇಕಂತೆ. ಗಡ್ಡೆಯ ಜೊತೆ ಮಾತೂ ಹೋಗುತ್ತದೆಯೇ? ಹೋದರೆ ಯಾವ ಭಾಷೆ?
— ಓದುಗರೊಬ್ಬರು, ಪುತ್ತೂರು

ಉತ್ತರ: ನಿಮ್ಮ ತಂದೆಯವರಿಗೆ ಆಗಿರುವುದು ಸಾಮಾನ್ಯ ಮರೆವಲ್ಲ. ಸೌಟು ಯಾತಕ್ಕೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ, "ಬಡಿಸುವುದು" ಎಂದರಲ್ಲ. ಅರ್ಥದಿಂದ ಹೆಸರಿಗೆ ಹೋಗುವ ದಾರಿಯಲ್ಲಿ ತಡೆಯಾಗಿದೆ. ಮಿದುಳಿನ ಎಡಭಾಗದ ಗಡ್ಡೆಗಳಲ್ಲಿ ಇದು ಬಹಳ ಸಾಮಾನ್ಯವಾಗಿ ಕಾಣುವ ತೊಂದರೆ. ಮಾತು ಅರ್ಧ ನಿಮಿಷ ನಿಂತದ್ದು ಬಹುಶಃ ಫಿಟ್ಸ್‌ನದೇ ಒಂದು ರೂಪ. ಫಿಟ್ಸ್ ಎಂದರೆ ಕೈಕಾಲು ಅದುರಲೇಬೇಕೆಂದಿಲ್ಲ. ಈ ವಿಷಯವನ್ನು ವೈದ್ಯರಿಗೆ ಬಿಡಿಸಿ ಹೇಳಿ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, "ಟಾನ್" ಎಂಬ ಒಂದೇ ಉಚ್ಚಾರಕ್ಕೆ ಮಾತು ಕುಗ್ಗಿದ್ದ ರೋಗಿಯೊಬ್ಬರ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ, ಎಡಗಿವಿಯ ಮೇಲ್ಗಡೆಯಿರುವ ಮಿದುಳಿನ ಭಾಗಕ್ಕೂ ಮಾತನ್ನು ಗ್ರಹಿಸುವುದಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಆಡುವುದಕ್ಕೊಂದು ಜಾಗ, ಅರ್ಥಮಾಡಿಕೊಳ್ಳುವುದಕ್ಕೊಂದು ಜಾಗ ಎಂಬ ಆ ಚಿತ್ರ ದೀರ್ಘಕಾಲ ಉಳಿಯಿತು, ನಿಮ್ಮ ಭಯಕ್ಕೂ ಅದೇ ಮೂಲ. ಈಗ ತಿಳಿದಿರುವಂತೆ ಭಾಷೆ ಹಲವು ಭಾಗಗಳು ಕೂಡಿ ಮಾಡುವ ಕೆಲಸ, ಮತ್ತು ಆ ಭಾಗಗಳನ್ನು ಜೋಡಿಸುವ ನರತಂತುಗಳ ಕಂತೆಗಳು ಆ ಭಾಗಗಳಷ್ಟೇ ಮುಖ್ಯ. ಮೇಲಿನಿಂದ ಬಾಗಿ ಹೋಗುವ ಕಂತೆಗಳು ಕೇಳಿದ ಧ್ವನಿಯನ್ನು ಉಚ್ಚಾರಕ್ಕೆ ಜೋಡಿಸುತ್ತವೆ. ಕೆಳಗಿನ ಕಂತೆಗಳು ಪದವನ್ನು ಅರ್ಥಕ್ಕೆ ಜೋಡಿಸುತ್ತವೆ.

ಗ್ಲಿಯೋಮಾ ಈ ತಂತುಗಳ ನಡುವೆಯೇ ನುಸುಳಿಕೊಂಡು ಬೆಳೆಯುವ ಗಡ್ಡೆ. ಕೆಲವೊಮ್ಮೆ ಸುತ್ತಲಿನ ಊತವೂ ಮಾತನ್ನು ಕೆಡಿಸುತ್ತದೆ. ಊತ ಇಳಿಸುವ ಸ್ಟಿರಾಯ್ಡ್ ಕೊಟ್ಟ ಕೆಲವೇ ದಿನಗಳಲ್ಲಿ ಮಾತು ಸುಧಾರಿಸುವುದು ಅದಕ್ಕೇ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತ ನಿಮಿಷಗಳಲ್ಲೇ ಜೀವಕೋಶಗಳು ಸಾಯುವುದರಿಂದ ಮಿದುಳಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಿಧಾನದ ಗಡ್ಡೆ ವರ್ಷಗಟ್ಟಲೆ ಬೆಳೆಯುವಾಗ ಅಕ್ಕಪಕ್ಕದ ಭಾಗಗಳು, ಕೆಲವೊಮ್ಮೆ ಬಲಭಾಗವೂ, ಆ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ವಹಿಸಿಕೊಳ್ಳುತ್ತವೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಶಸ್ತ್ರವೈದ್ಯ ಹ್ಯೂಗ್ ಡುಫೋ ಅವರು, ಬ್ರೋಕಾ ಗುರುತಿಸಿದ ಜಾಗವನ್ನೇ ಆವರಿಸಿದ ಗಡ್ಡೆಗಳನ್ನು ತೆಗೆದ ಮೇಲೂ ರೋಗಿಗಳು ಮಾತಾಡಬಲ್ಲರೆಂದು ತೋರಿಸಿದ್ದಾರೆ. ಆದರೆ ಆಳದ ತಂತುಗಳನ್ನು ಕತ್ತರಿಸಿದರೆ ಅಂಥ ಬದಲಿ ವ್ಯವಸ್ಥೆ ಆಗುವುದು ಬಹಳ ಕಷ್ಟ. ಶಸ್ತ್ರವೈದ್ಯರು ಎಚ್ಚರದಿಂದ ಉಳಿಸಿಕೊಳ್ಳುವುದು ಅವುಗಳನ್ನೇ.

ಎಚ್ಚರದ ಶಸ್ತ್ರಚಿಕಿತ್ಸೆ ಎಂದೊಡನೆ ಎದೆ ಝಲ್ಲೆನ್ನುವುದು ಸಹಜ. ನೆತ್ತಿಯ ಚರ್ಮವನ್ನು ಮರಗಟ್ಟಿಸಿರುತ್ತಾರೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ತಂದೆಯವರಿಗೆ ಒಂದೊಂದೇ ಚಿತ್ರ ತೋರಿಸುತ್ತಾ, ಅದೇ ಹೊತ್ತಿಗೆ ಮಿದುಳಿನ ಮೇಲ್ಮೈಗೆ ಅತಿ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಹಸುವಿನ ಚಿತ್ರಕ್ಕೆ ಬರೀ "ಹಸು" ಎನ್ನಿಸದೆ "ಇದು ಹಸು" ಎಂದು ಹೇಳಿಸುವುದು ಒಳ್ಳೆಯದು. "ಇದು" ಬಂದು "ಹಸು" ಬರದಿದ್ದರೆ ಹೆಸರು ಹುಡುಕುವ ದಾರಿ ಅಲ್ಲಿದೆ. "ಇದು" ಎಂಬುದೂ ಬರದಿದ್ದರೆ ಮಾತು ಹೊರಡಿಸುವ ಭಾಗಕ್ಕೇ ತಡೆಯಾಗಿದೆ. ಅಂಥ ಜಾಗದ ಮೇಲೆ ಸಂಖ್ಯೆ ಬರೆದ ಪುಟ್ಟ ಚೀಟಿಯಿಟ್ಟು, ಅದನ್ನು ಮುಟ್ಟದೆ ಉಳಿದದ್ದನ್ನು ತೆಗೆಯುತ್ತಾರೆ. ಆದ್ದರಿಂದ ಗಡ್ಡೆಯ ಸ್ವಲ್ಪ ಭಾಗ ಉಳಿಯಬಹುದು. ಮಾತನ್ನು ಬಲಿಕೊಟ್ಟು ಅದನ್ನೂ ತೆಗೆಯುವುದಕ್ಕಿಂತ, ಅದರ ಮೇಲೆ ನಿಗಾ ಇಟ್ಟು ಮುಂದಿನ ಚಿಕಿತ್ಸೆ ನಿರ್ಧರಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಕೊನೆಯ ಪ್ರಶ್ನೆಗೆ ಸ್ಕ್ಯಾನ್ ನೋಡಿ ಉತ್ತರಿಸಲಾಗದು. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ವಿದ್ಯುತ್ ತಾಗಿಸಿದಾಗ ಕೆಲವು ಜಾಗಗಳಲ್ಲಿ ಎರಡಕ್ಕೂ ತಡೆಯಾಗುತ್ತದೆ, ಕೆಲವು ಕಡೆ ಒಂದೇ ಭಾಷೆಗೆ ತಡೆಯಾಗುತ್ತದೆ ಎಂದು ಸಂಶೋಧಕರಾದ ಓಜೆಮನ್ ಮತ್ತು ವಿಟೇಕರ್ 1978ರಲ್ಲೇ ವರದಿ ಮಾಡಿದ್ದಾರೆ. ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಅವರು ಮನೆಯಲ್ಲಿ ಆಡುವ ತುಳುವನ್ನು ಕಾಪಾಡಿದ್ದೇವೆಂದು ಹೇಳಲಾಗದು. ಎರಡರಲ್ಲೂ ಪರೀಕ್ಷಿಸಬೇಕೆಂದು ನೀವೇ ಮುಂಚಿತವಾಗಿ ಕೇಳಿ. ತುಳುವಿನ ಚಿತ್ರಪಟ್ಟಿ ಆಸ್ಪತ್ರೆಯಲ್ಲಿ ಇರುತ್ತದೆಂದು ನಂಬಿ ಕೂರಬೇಡಿ. ಮನೆಯಲ್ಲೇ ಕುಳಿತು ಅವರು ಈಗಲೂ ತಡವರಿಸದೆ ಹೆಸರಿಸುವ ಚಿತ್ರಗಳನ್ನು ಆರಿಸಿ, ಪುಚ್ಚೆ, ಪೆತ್ತ, ಕೋರಿ ಎಂದು ಹೆಸರು ಬರೆದು ಒಯ್ಯಿರಿ. "ಉಂದು ಪೆತ್ತ" ಎಂದು ಅವರು ಹೇಳಿದಾಗ ಅದು ಸರಿಯೆಂದು ಹೇಳಬಲ್ಲ ತುಳುವರೊಬ್ಬರು ತಂಡದ ಜೊತೆ ಇರುವಂತೆಯೂ ಕೋರಿಕೊಳ್ಳಿ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಅವರ ಮಾತು ಈಗಿನದಕ್ಕಿಂತ ಕಡಿಮೆಯಾಗಬಹುದು. ಆಗ ಗಾಬರಿಯಾಗಬೇಡಿ, ಅನೇಕರಲ್ಲಿ ವಾಕ್ ಚಿಕಿತ್ಸೆಯೊಂದಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಅದು ಬಹುಮಟ್ಟಿಗೆ ಮರಳುತ್ತದೆ. ಈ ಚಿಕಿತ್ಸೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅವರು ಎರಡೂ ಭಾಷೆಗಳಲ್ಲಿ ಹತ್ತು ನಿಮಿಷ ಮಾತಾಡಿದ್ದನ್ನು ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಮುಂದೆ ಹೋಲಿಸಿ ನೋಡಲು ಚಿಕಿತ್ಸಕರಿಗೆ ಅದು ಬೇಕಾಗುತ್ತದೆ.