ಬೆಕ್ಕಿನ ಮೇಲೆ ಹಾಕಿದ ಅಪವಾದ

ಬೆಕ್ಕಿನ ವಿಷಯ ಹಿಡಿದುಕೊಂಡು ನನ್ನ ಹತ್ತಿರ ಸಲಹೆಗೆ ಬರುವವರು ಕಡಿಮೆಯೇನಿಲ್ಲ. ಪರೀಕ್ಷೆ ಕೆಟ್ಟಿದ್ದಕ್ಕೆ, ಸಂಬಂಧ ತಪ್ಪಿದ್ದಕ್ಕೆ, ಎಲ್ಲಕ್ಕೂ ಅದೇ ಅಡ್ಡ ಬಂದಿರುತ್ತದೆ. ಗುರುತು ಸಿಗದಂತೆ ಈ ಮನೆಯ ವಿವರ ಬದಲಿಸಿದ್ದೇನೆ.

ಹೊಸದಾಗಿ ಬಂದ ಸೊಸೆ ಹಿತ್ತಲಿನ ಕರಿ ಬೆಕ್ಕೊಂದಕ್ಕೆ ದಿನಾ ಹಾಲನ್ನ ಹಾಕಿ ಸಾಕಿಕೊಂಡಿದ್ದಳು. ಮಾವ ಬಚ್ಚಲ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. "ಆ ದರಿದ್ರ ಬೆಕ್ಕನ್ನ ಚೀಲದಲ್ಲಿ ಹಾಕಿ ಎಲ್ಲಾದ್ರೂ ಬಿಟ್ಟು ಬಾ" ಅಂತ ಅತ್ತೆ ಹಟ. ಸೊಸೆ ಊಟ ಬಿಟ್ಟಳು. ಮಗ ಬಂದು, "ಮೇಡಂ, ಇವಳಿಗೆ ಸ್ವಲ್ಪ ಹೇಳಿ, ಒಂದು ಬೆಕ್ಕಿಗೋಸ್ಕರ ಇಷ್ಟೆಲ್ಲಾ ಬೇಕಾ?" ಎಂದ.

ನಾನು ಅತ್ತೆ ಸೊಸೆ ಇಬ್ಬರನ್ನೂ ಕರೆಸಿದೆ. ಮೂಢನಂಬಿಕೆ ಅನ್ನುವ ಮಾತೇ ಎತ್ತಲಿಲ್ಲ. "ನೀವು ಈ ಮನೆಗೆ ಬಂದಾಗ ಹೇಗಿತ್ತಮ್ಮಾ?" ಎಂದಷ್ಟೇ ಅತ್ತೆಯನ್ನು ಕೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತವರು ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು. "ನಾನು ಬಂದ ವರ್ಷ ಕರೆಯೋ ಎಮ್ಮೆ ಸತ್ತಿತು. ನನ್ನ ಕಾಲ್ಗುಣ ಅಂದ್ರು. ಮಗ ಹುಟ್ಟೋವರೆಗೂ ಶುಭಕಾರ್ಯದಲ್ಲಿ ನನ್ನ ಮುಂದೆ ಬಿಡ್ತಿರಲಿಲ್ಲ. ಇವರು ಬಿದ್ದಾಗ ನಮ್ಮ ನಾದಿನಿ ಇವಳ ಮೇಲೂ ಅದೇ ರಾಗ ತೆಗೆದ್ಲು. ಅದಕ್ಕೇ ಬೆಕ್ಕು ಬೆಕ್ಕು ಅಂತ ನಾನೇ ಶುರು ಮಾಡಿದೆ. ಬೆಕ್ಕಿಗೇನು, ಬೇಜಾರಾಗುತ್ತಾ?"

ಸೊಸೆಗೆ ಇದು ಗೊತ್ತೇ ಇರಲಿಲ್ಲ.

ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು, ಒಪ್ಪುತ್ತೇನೆ. ಆದರೂ ಬೆಕ್ಕನ್ನು ಬಿಟ್ಟುಬರಬೇಡಿ ಎಂದೆ. ಅದು ಹೋದ ಮೇಲೆ ಮನೆಯಲ್ಲಿ ಏನಾದರೂ ಕೆಟ್ಟರೆ ಅಪವಾದ ಹೊರಲು ಉಳಿಯುವವಳು ಸೊಸೆಯೇ ಅಲ್ವಾ? ಸಾಕಿದ ಪ್ರಾಣಿಯನ್ನು ಹಸಿದು ನರಳಲು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬಚ್ಚಲ ಮೆಟ್ಟಿಲ ಪಾಚಿ ತೆಗೆಸಿ, ಲೈಟು ಹಾಕಿಸಿ, ಮಾವನ ಕಣ್ಣು ತೋರಿಸಿ ಎಂದೆ. ಸೋದರತ್ತೆಯ ಬಾಯಿ ಮುಚ್ಚಿಸುವ ಕೆಲಸ ಮಗನದ್ದು, ಹೆಂಗಸರ ಜಗಳ ಅಂತ ಜಾರಿಕೊಳ್ಳುವಂತಿಲ್ಲ.

ಬೆಕ್ಕು ಅಡ್ಡ ಬಂದರೆ ಬೈಕ್ ನಿಲ್ಲಿಸಿ, ಬೇರೆಯವರು ದಾಟಲಿ ಅಂತ ಕಾಯುವವನೂ ಅವನೇ! ನಿಂತು ಹೋದ ದಿನ ಏನೂ ಆಗದಿದ್ದರೆ 'ನಿಂತಿದ್ದಕ್ಕೇ ಬಚಾವಾದೆ' ಅನಿಸುತ್ತದೆ. ಭಯ ಬಲಿಯುವುದು ಹೀಗೆ. ನಿಲ್ಲದೆ ಹೋಗಿ, ಸಂಜೆ ಏನಾಯಿತು ಅಂತ ಬರೆದಿಡಿ ಎಂದೆ.

ಅತ್ತೆಗೆ ಬುದ್ಧಿ ಹೇಳಬೇಕಿತ್ತು ಅನ್ನುವವರಿದ್ದಾರೆ. ಹೇಳಿದ್ದರೆ ಎಮ್ಮೆಯ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ. ಹೊರಗೆ ಹೊರಟಾಗ ಅವರು ಈಗಲೂ ಬೆಕ್ಕಿನ ಮುಖ ನೋಡುವುದಿಲ್ಲವಂತೆ. ಅದನ್ನು ಬಿಡಿಸಲು ನಾನು ಹೋಗಲಿಲ್ಲ, ಬೆಕ್ಕಿಗೂ ಅದರಿಂದ ನಷ್ಟವಿಲ್ಲ.